ಛಾಪಾ ಇಲ್ಲದ ಕಾಗದ

"ಎಡಗೈ ಕಣಕ್ಕ, ಎಡಗೈ! ಹೆಬ್ಬೆಟ್ಟು ಅಂದ್ರೆ ಎಡಗೈದೇ ಆಗ್ಬೇಕು. ಬೇಗ ಒತ್ತು."

ಎದುರು ಮನೆಯ ಜಯಕುಮಾರ್ ಬಾಗಿಲಲ್ಲೇ ನಿಂತು ಪಿಸುಗುಟ್ಟುತ್ತಿದ್ದ. ಹೆಣದ ಹತ್ತಿರ ಬರಲು ಅವನಿಗೆ ಧೈರ್ಯವಿರಲಿಲ್ಲ. ಹೇಳಿಕೊಡಲು ಮಾತ್ರ ಬೇಕಾದಷ್ಟಿತ್ತು. ಬೆಟ್ಟಮ್ಮ ಅಣ್ಣನ ಬಲಗೈಯನ್ನು ಅವನ ಎದೆಯ ಮೇಲಿಟ್ಟು, ಚಾಪೆಯ ಆ ಬದಿಗೆ ಹೋಗಿ ಕೂತಳು. ಮಂಚಯ್ಯ ಪ್ರಾಣ ಬಿಟ್ಟು ಇನ್ನೂ ಮೂರು ಗಂಟೆಯಾಗಿರಲಿಲ್ಲ. ಹೊರಗೆ ಆಗಷ್ಟೇ ಬೆಳಕು ಹರಿದಿತ್ತು. ಎಡಗೈಯ ಹೆಬ್ಬೆರಳು ಬಿಗಿದುಕೊಂಡು ಮಿಕ್ಕ ಬೆರಳುಗಳೊಳಗೆ ಸೇರಿಬಿಟ್ಟಿತ್ತು. ಬಿಡಿಸಲು ನೋಡಿದಳು, ಬರಲಿಲ್ಲ.

"ಕೊಡು ಅಣ್ಣಯ್ಯ," ಎಂದಳು, ಬದುಕಿದ್ದವನನ್ನು ಕೇಳುವ ಹಾಗೆ. ಕೇಳಿದ ಮೇಲೆ ತನ್ನ ದನಿಗೆ ತಾನೇ ಹೆದರಿದಳು.

ಕೊನೆಗೆ ಎರಡೂ ಕೈಯಿಂದ ಬೆರಳನ್ನು ಎಳೆದು ಇಂಕಿನ ಪ್ಯಾಡಿಗೆ ಒತ್ತಿ, ಹಳೆಯ ಛಾಪಾ ಕಾಗದದ ಕೆಳಗಿನ ಮೂಲೆಗೆ ಒತ್ತಿದಳು. ನೀಲಿ ಗುರುತು ಬಿತ್ತು. ಅದರ ಮೇಲೆ ಕಾಗದವೆಲ್ಲ ಖಾಲಿ. 'ಈ ಮನೆ ನನ್ನ ತಂಗಿ ಬೆಟ್ಟಮ್ಮನಿಗೆ ಸೇರತಕ್ಕದ್ದು' ಎಂದು ಅಲ್ಲಿ ಬರೆಯುವ ಕೆಲಸ ಜಯಕುಮಾರನದು.

ಅಷ್ಟರಲ್ಲಿ ಗೂಡಿನಲ್ಲಿದ್ದ ಫೋನು ಬಡಿದುಕೊಂಡಿತು. ಮಂಚಯ್ಯನ ಮಗ ಚಲುವರಾಜು, ನಾಗಮಂಗಲದಿಂದ ಹೊರಟವನು.

"ಸಂತೆಬಾಚಳ್ಳಿ ದಾಟ್ದೊ ಅತ್ತೆ. ಇನ್ನರ್ಧ ಗಂಟೆ. ಅಪ್ಪನ ಮೊಖ ಮುಚ್ಬ್ಯಾಡ, ನಾನ್ ಬರೋಗಂಟ," ಎಂದವನು ಮುಂದೆ ಮಾತು ಬಾರದೆ ಅತ್ತ.

"ಇಲ್ಲ ಕಣಪ್ಪ, ಬಾ," ಎಂದಳು. ಕೈಯಲ್ಲಿ ಆ ಕಾಗದ ಇದ್ದೇ ಇತ್ತು.

"ಮಸಿ ಒಣಗ್ಲಿ, ಎಲ್ಲಾರ ಮಡುಗಿರು," ಎಂದು ಜಯಕುಮಾರ್ ಚಪ್ಪಲಿ ಮೆಟ್ಟಿದ. "ಮಣ್ಣಾದ್ಮೇಲೆ ಬಂದು ಬರ್ಕೊಡ್ತೀನಿ. ಮುಂದಿನ ರೂಮು ನನ್ ಜೆರಾಕ್ಸ್ ಅಂಗ್ಡಿಗೆ ಅಂದಿದ್ದೆ, ಮರೀಬ್ಯಾಡ ಮತ್ತೆ. ನಾನು ಹೂವಿನೋರ್ಗೆ ಏಳಿ ಬತ್ತೀನಿ."

ಅವನು ಹೋದ ಮೇಲೆ ಬೆಟ್ಟಮ್ಮ ಕಾಗದ ಮಡಚಿ ರವಿಕೆಯೊಳಗೆ ಸೇರಿಸಿದಳು. ಆಮೇಲೆ ಅಣ್ಣನ ಬೆರಳು ಕಣ್ಣಿಗೆ ಬಿತ್ತು. ಅಯ್ಯೋ ದೇವರೇ! ಒತ್ತುವಾಗ ಕಾಗದದ ಮೇಲಿನ ಗುರುತೊಂದನ್ನೇ ನೋಡಿದ್ದಳು. ಬೆರಳ ಮೇಲೂ ಮಸಿ ಉಳಿಯುತ್ತದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಸೆರಗು ಒದ್ದೆ ಮಾಡಿ ಉಜ್ಜಿದಳು. ಮಸಿ ಹೋಗಲಿಲ್ಲ, ಅಂಗೈಗೂ ಹರಡಿತು. ಕೈಯನ್ನು ಹೊದಿಕೆಯ ಒಳಗೆ ತಳ್ಳಿ, ಮೇಲೆ ಒಂದು ಮಡಿಕೆ ಹೆಚ್ಚಿಗೆ ಹೊದಿಸಿದಳು. ಅವಳಿಗೆ ಆಗ ಅಳು ಬಂತು. ಬೆಳಗಿನಿಂದ ಅದೇ ಮೊದಲು.

* * *

ಮಂಚಯ್ಯ ಕೆ.ಆರ್. ಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಮಡಚುವ ಮೇಜು ಹಾಕಿಕೊಂಡು ನಲವತ್ತು ವರ್ಷ ಪತ್ರ ಬರೆದವನು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಏನೇ ಇರಲಿ, ಅವನ ದುಂಡು ಅಕ್ಷರವೆಂದರೆ ಗುಮಾಸ್ತರು ಓದದೆಯೇ ಮುಂದಕ್ಕೆ ಹಾಕುತ್ತಿದ್ದರು. ಜತೆಗೆ ಛಾಪಾ ಕಾಗದ ಮಾರುವ ಲೈಸೆನ್ಸೂ ಇತ್ತು. ಸರ್ಕಾರ ಅದನ್ನು ನಿಲ್ಲಿಸಿ ಕಂಪ್ಯೂಟರಿನಲ್ಲಿ ಕೊಡಲು ಶುರು ಮಾಡಿದ ಮೇಲೂ ಉಳಿದುಹೋದ ನಾಲ್ಕು ಕಾಗದ ಟ್ರಂಕಿನ ತಳದಲ್ಲಿದ್ದವು. ಬಿಸಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಬೆಟ್ಟಮ್ಮ ಆ ಮನೆಗೆ ಬಂದು ಮೂವತ್ತೊಂದು ವರ್ಷ. ಪಾಂಡವಪುರದಲ್ಲಿ ಗಂಡ ಇನ್ನೊಬ್ಬಳನ್ನು ತಂದು ಕೂರಿಸಿಕೊಂಡಾಗ, ಬಟ್ಟೆ ಗಂಟು ಕಟ್ಟಿಕೊಂಡು ಅಣ್ಣನ ಬಾಗಿಲಿಗೆ ಬಂದಳು. ಆ ವರ್ಷವೇ ಅತ್ತಿಗೆ ತೀರಿಹೋಗಿದ್ದಳು. ಐದು ವರ್ಷದ ಚಲುವ ಹೊಸ್ತಿಲ ಮೇಲೆ ಮೂಗು ಸುರಿಸಿಕೊಂಡು ಕೂತಿದ್ದ. "ಬಂದ್ಯಾ? ಒಲೆ ಅಚ್ಚು, ಮಗ ಅಸ್ಕಂಡದೆ," ಎಂದಿದ್ದ ಮಂಚಯ್ಯ. ಅಷ್ಟೇ. ಯಾಕೆ ಬಂದೆ, ಎಷ್ಟು ದಿನ ಇರ್ತೀಯ ಎಂದು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಆ ಮನೆಯಲ್ಲಿ ಎರಡು ಜಾತಿಯ ಕಾಗದ. ಛಾಪಾ ಕಾಗದವನ್ನು ಮುಟ್ಟಬೇಕಾದರೆ ಕೈ ತೊಳೆದು ಒರೆಸಿಕೊಳ್ಳಬೇಕು. ಒಂದು ಸಲ ಚಲುವ ಅದರಲ್ಲಿ ದೋಣಿ ಮಾಡಿ ಬಚ್ಚಲಲ್ಲಿ ಬಿಟ್ಟನೆಂದು ಮಂಚಯ್ಯ ಅವನಿಗೆ ಬಾರಿಸಿದ್ದ. ಹುಟ್ಟಿದಾಗಿನಿಂದ ಆ ಮಗನ ಮೇಲೆ ಕೈ ಎತ್ತಿದ್ದು ಅದೊಂದೇ ದಿನ. ಬಿಳಿ ಹಾಳೆ ಮಾತ್ರ ಬೆಲೆಯಿಲ್ಲದ್ದು. ಸಾಮಾನಿನ ಚೀಟಿ ಬರೆಯುವುದಕ್ಕೆ, ಕಡಲೆಕಾಯಿ ಸಿಪ್ಪೆ ಹಾಕಿಕೊಳ್ಳುವುದಕ್ಕೆ. ಬೆಟ್ಟಮ್ಮನಿಗೆ ಓದು ಬಾರದು. ಕಾಗದದ ಬೆಲೆಯನ್ನು ಅವಳು ತಿಳಿದದ್ದು ಹೀಗೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಂಚಯ್ಯ ಜಗುಲಿಯಲ್ಲಿ ಕೂತು ಒಂದು ಬಿಳಿ ಹಾಳೆಯ ಮೇಲೆ ಬರೆದು ರುಜು ಹಾಕಿದ. ಟೈಪಿಸ್ಟ್ ಗೌಸ್ ಸಾಬರೂ ಸೊಸೈಟಿ ಲಿಂಗಣ್ಣನೂ ಸಾಕ್ಷಿ ಹಾಕಿದರು. ಟೀ ಕುಡಿದು ಅವರು ಎದ್ದ ಮೇಲೆ ತಂಗಿಯನ್ನು ಕರೆದ.

"ಇದು ವಿಲ್ಲು. ನಾನಿದ್ದಷ್ಟು ದಿನ ಮನೆ ನಂದು. ಆಮೇಕೆ ನಿಂದು. ಈ ಮನೆ ನನ್ನ ಸ್ವಂತ ಸಂಪಾದ್ನೆ, ಯಾರೂ ಕೇಳಂಗಿಲ್ಲ. ಚಲುವಂಗೆ ಗದ್ದೆ ಅದೆ, ಕೆಲ್ಸ ಅದೆ."

ಬೆಟ್ಟಮ್ಮ ಹಾಳೆಯ ಎರಡೂ ಕಡೆ ತಿರುಗಿಸಿ ನೋಡಿದಳು. "ಛಾಪಾ ಕಾಗ್ದ ಎಲ್ಲಣ್ಣ?"

"ವಿಲ್ಲಿಗೆ ಯಾಕೆ ಛಾಪಾ? ಬ್ಯಾಡ ಕಣವ್ವ," ಎಂದು ಅವನು ನಕ್ಕ.

ಆ ನಗು ಅವಳ ಮನಸ್ಸಿಗೆ ನಾಟಿತು. ಊರಿನವರಿಗೆಲ್ಲ ಛಾಪಾ ಕಾಗದದ ಮೇಲೆ ಬರೆದುಕೊಟ್ಟವನು ತನಗೆ ಮಾತ್ರ ಬಿಳಿ ಹಾಳೆ ಕೊಟ್ಟನಲ್ಲ! ಬಾಯಿ ಮುಚ್ಚಿಸಲು ಹೀಗೆ ಮಾಡಿದನೋ ಏನೋ. ಇನ್ನೊಂದು ಸಲ ಕೇಳಿದರೆ, ಇವಳಿಗೆ ಮನೆಯ ಮೇಲೇ ಕಣ್ಣು ಅಂದುಕೊಂಡಾನು. ಕೇಳಲಿಲ್ಲ. ಹಾಳೆಯನ್ನು ಅಕ್ಕಿ ಡಬ್ಬದ ಹಿಂದೆ ಸಿಕ್ಕಿಸಿ ಸುಮ್ಮನಾದಳು. ಆದರೆ ಹೆದರಿಕೆ ಸುಮ್ಮನಾಗಬೇಕಲ್ಲ. ಹೋದ ದೀಪಾವಳಿಗೆ ಬಂದಾಗ ಚಲುವರಾಜುವಿನ ಹೆಂಡತಿ ಹೇಮ, "ಇಷ್ಟ್ ದೊಡ್ಡ ಮನೆ ಬಾಡ್ಗೆಗಾದ್ರೂ ಕೊಡ್ಬೋದಿತ್ತು," ಎಂದಿದ್ದಳು. ಚಲುವರಾಜು ಏನೂ ಮಾತಾಡದೆ ಒಬ್ಬಟ್ಟು ಮುರಿಯುತ್ತಿದ್ದ. ಹೇಮ ಆಡಿದ್ದಕ್ಕಿಂತ ಅವನು ಆಡದೆ ಇದ್ದದ್ದೇ ಬೆಟ್ಟಮ್ಮನನ್ನು ಹೆಚ್ಚು ಹೆದರಿಸಿತ್ತು.

ಇವತ್ತು ನಸುಕಿನಲ್ಲಿ ಅಣ್ಣನ ಉಸಿರು ನಿಂತಾಗ ಮೊದಲು ಬಂದವನು ಎದುರು ಮನೆಯ ಜಯಕುಮಾರ್. ಕಚೇರಿಯ ಬಾಗಿಲಲ್ಲಿ ಏಜೆಂಟನಾಗಿ ತಿರುಗುವವನು. ಬಿಳಿ ಹಾಳೆಯನ್ನು ಅವಳೇ ತೋರಿಸಿದಳು. ಅವನು ಓದಿ ಲೊಚಗುಟ್ಟಿದ.

"ಮಗ ಇರೋವಾಗ ತಂಗಿ ಲೆಕ್ಕಕ್ಕೇ ಇಲ್ಲ ಕಣಕ್ಕ. ಛಾಪಾನೂ ಇಲ್ದೆ, ರಿಜಿಸ್ಟ್ರೂ ಆಗ್ದೆ, ಇದನ್ನ ತಗೊಂಡೋದ್ರೆ ನಗ್ತಾರೆ. ಇಲ್ಲಾ ಮನೆ ಬೆಲೆ ಮೇಲೆ ಛಾಪಾ ಕಟ್ಟು ಅಂತಾರೆ. ಲಕ್ಷಗಟ್ಲೆ ಆಯ್ತದೆ, ಎಲ್ಲಿಂದ ತತ್ತೀಯ? ಹಳೇ ಛಾಪಾ ಕಾಗ್ದ ಮನೇಲಿದ್ರೆ ಏಳು. ಬೆರಳಿನ್ನೂ ಸೆಟ್ಕೊಂಡಿರಲ್ಲ."

ಅವಳು ಟ್ರಂಕು ತೆಗೆದಳು. ತೆಗೆಯುವ ಮೊದಲು, ರೂಢಿಯಂತೆ, ಕೈ ತೊಳೆದುಕೊಂಡಳು.

* * *

ಹತ್ತು ಗಂಟೆಯ ಹೊತ್ತಿಗೆ ಜಗುಲಿ ತುಂಬಿತ್ತು. ಮಂಚಯ್ಯನನ್ನು ನಡುಮನೆಯಿಂದ ತಂದು ಬೆಂಚಿನ ಮೇಲೆ ಮಲಗಿಸಿದ್ದರು. ಬೆಟ್ಟಮ್ಮ ಹೊದಿಕೆಯ ಎಡ ಅಂಚನ್ನು ಹಿಡಿದು ಕೂತವಳು ಏಳಲೇ ಇಲ್ಲ. ಯಾರಾದರೂ ಹಾರ ಹಾಕಲು ಬಾಗಿದರೆ ಅಂಚನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. "ಪಾಪ, ಅಣ್ಣನ ಬುಟ್ಟು ಆಚೀಚೆ ಓಯ್ತಿಲ್ಲ ನೋಡಿ," ಎಂದರು ಹೆಂಗಸರು. ಬೆಳಿಗ್ಗೆ ಚಲುವರಾಜು ಬಂದವನೇ ಅಪ್ಪನ ಕಾಲು ಹಿಡಿದು ಅತ್ತು, ಆಮೇಲೆ ಬಂದು ಅವಳ ಹೆಗಲಿಗೆ ತಲೆ ಇಟ್ಟಿದ್ದ. ರವಿಕೆಯೊಳಗೆ ಕಾಗದ ಸರಬರ ಎಂದಿತ್ತು. ಅವಳು ಅವನನ್ನು ತಳ್ಳಿದ ಹಾಗೇ ಮಾಡಿ ಹಿಂದಕ್ಕೆ ಸರಿದಿದ್ದಳು. ಅವನು ಕೆಂಪಾದ ಕಣ್ಣಿನಲ್ಲಿ ಅವಳನ್ನೇ ನೋಡಿದ್ದ.

ಪಕ್ಕದ ಮನೆಯ ಚಿಕ್ಕಮಾದಯ್ಯ ಎಲೆಯಡಿಕೆ ಹಾಕಿಕೊಂಡು ಸತ್ತವನ ಗುಣ ಎತ್ತಿದ. "ಹೆಬ್ಬೆಟ್ಟು ಒತ್ಸೋದ್ರಲ್ಲಿ ಮಂಚಯ್ಯನ ಬುಟ್ರಿಲ್ಲ ಬುಡಿ. ನಮ್ಮವ್ವನ ಬೆರಳ್ನ ತಾನೇ ಇಡ್ಕಂಡು, ನೋಯ್ತದೇನವ್ವ ಅಂತ ಕೇಳಿ ಒತ್ಸಿದ್ದ. ಹೆಬ್ಬೆಟ್ನೋರು ಅಂತ ಒಬ್ರನ್ನೂ ಅಸಡ್ಡೆ ಮಾಡ್ಲಿಲ್ಲ."

ಗೌಸ್ ಸಾಬರು ಕಂಬಕ್ಕೊರಗಿ ಕೂತಿದ್ದರು. ಮಂಚಯ್ಯನ ಮೇಜಿನ ಪಕ್ಕದಲ್ಲೇ ಮೂವತ್ತು ವರ್ಷ ಟೈಪ್ ಮಾಡಿದವರು. ಅಳುವಿನ ನಡುವೆಯೇ ಅವರಿಗೆ ನಗು ಬಂತು.

"ಅದ್ಕೇ ಅವ್ನಿಗೆ ಬೆರಳು ನೋಡಿದ್ರೆ ಗೊತ್ತಾಗ್ತಿತ್ತು. ಒಂದಿನ ಬೆಳ್ಳೂರು ಕಡೆಯೋರು ಅಣ್ಣತಮ್ಮ ಇಬ್ರು ಬಂದ್ರು. ಕಾಗ್ದ ಬರ್ದಾಗದೆ, ಅಪ್ಪನ ಹೆಬ್ಬೆಟ್ಟೂ ಬಿದ್ದದೆ, ಬರೆದೋನು ಅಂತ ನೀವೊಂದು ರುಜು ಆಕಿ ಅಂದ್ರು. ಮಂಚಯ್ಯ ಆ ಗುರುತು ನೋಡ್ದ, ನೋಡ್ದ. 'ನಿಮ್ಮಪ್ಪ ಯಾವತ್ತು ಸತ್ತಿದ್ದು?' ಅಂದ. ಯಾ ಅಲ್ಲಾ! ಇಬ್ರೂ ನಿಂತಲ್ಲೇ ಬೆವ್ತೋದ್ರು."

"ಅದೆಂಗೆ ಗೊತ್ತಾಯ್ತು ಸಾಬ್ರೆ?"

"ಬದ್ಕಿರೋನ ಬೆರಳು ಕಾಗ್ದದ ಮೇಲೆ ಆ ಕಡೆಯಿಂದ ಈ ಕಡೆಗೆ ಉಳ್ಳಾಡ್ತದೆ. ಸತ್ತೋನ್ದು ಒಂದೇ ಕಡೆ ಬೊಟ್ಟಿಟ್ಟಂಗೆ ಕೂತ್ಕತದೆ ಅಂದ. ಬೈದು ಓಡ್ಸ್‌ಬುಟ್ಟ. ಸತ್ತೋರ ಕೈಲಿ ಸುಳ್ಳೇಳಿಸ್ತೀರೇನ್ರಲಾ ಅಂತ ಆವತ್ತೆಲ್ಲ ಒದ್ದಾಡಿದ್ದ ಪಾಪ."

ಬೆಟ್ಟಮ್ಮನಿಗೆ ಅಣ್ಣ ಎದ್ದು ಕೂತು ತನ್ನನ್ನೇ ಬೈದಂತಾಯಿತು.

ಹೇಮ ಬಾಗಿಲ ಬಳಿಯಿಂದ ಕೇಳಿದಳು. "ಮಾವ ಈ ಮನೆ ಪತ್ರ ಎಲ್ಲಿ ಮಡಗವ್ರೆ, ನಿಮ್ಗೇನಾದ್ರೂ ಗೊತ್ತಾ ಸಾಬ್ರೆ? ಆಮೇಲೆ ಹುಡುಕಾಡೋದು ಬ್ಯಾಡ ಅಂತ ಕೇಳ್ದೆ."

ಸಾಬರು ಗಂಟಲು ಸರಿಮಾಡಿಕೊಂಡರು. "ಕಾರ್ಯ ಮುಗೀಲಿ ಅಂತಿದ್ದೆ. ಕೇಳಿದ್ದಕ್ಕೆ ಏಳ್ತೀನಿ. ಮನೆ ಬೆಟ್ಟಮ್ಮ ಬೆಹನ್‌ಗೆ ಅಂತ ಮಂಚಯ್ಯ ವಿಲ್ಲು ಬರೆದವ್ನೆ. ನಾನು, ಲಿಂಗಣ್ಣ, ಇಬ್ರು ಸಾಕ್ಷಿ."

ಹೇಮಳ ಮುಖ ಕೆಂಪಾಯಿತು. ಚಲುವರಾಜು ತಲೆ ಬಗ್ಗಿಸಿಕೊಂಡೇ ಇದ್ದ. ಒಬ್ಬಟ್ಟು ಮುರಿಯುತ್ತಿದ್ದಾಗಿನ ಅದೇ ಮೌನ. ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ.

"ಅದು ಬರೀ ಬಿಳಿ ಹಾಳೆ ಸಾಬ್ರೆ. ಛಾಪಾ ಇಲ್ಲ. ಅದು ನಡೀಯಲ್ವಂತೆ."

"ಯಾರವ್ವ ಅಂದೋರು?" ಸಾಬರು ನೆಟ್ಟಗೆ ಕೂತರು. "ವಿಲ್ಲಿಗೆ ಛಾಪಾ ಅನ್ನೋದೇ ಇಲ್ಲ. ಕೊಂಡ್ರೆ ಛಾಪಾ, ದಾನ ಕೊಟ್ರೆ ಛಾಪಾ. ಸತ್ತ ಮೇಲೆ ವಿಲ್ಲಿಂದ ಬರೋ ಆಸ್ತಿಗೆ ಒಂದ್ರೂಪಾಯಿ ಛಾಪಾ ಕಟ್ಟಂಗಿಲ್ಲ. ರಿಜಿಸ್ಟ್ರೂ ಕಡ್ಡಾಯ ಅಲ್ಲ. ಬರೆದೋನು ರುಜು ಆಕಿರ್ಬೇಕು, ಇಬ್ರು ಸಾಕ್ಷಿ ಅದ ನೋಡಿರ್ಬೇಕು. ಪುರಸಭೇಲಿ ಅರ್ಜಿ ಕೊಟ್ಟು ಖಾತೆ ಬದ್ಲಾಯಿಸ್ಕೊಂಡ್ರೆ ಮುಗೀತು, ಅದ್ಕೆ ಒಂದಿಷ್ಟು ಫೀಸು. ನಲವತ್ತು ವರ್ಷ ಇದೇ ಕೆಲ್ಸ ಮಾಡಿದೋನು ನಿನ್ಗೆ ತಪ್ಪು ಕಾಗ್ದ ಕೊಟ್ಟಾನಾ ಬೆಹನ್?"

ಕೊಟ್ಟಾನಾ? ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದಳಲ್ಲ ಅವಳು. ಮೂವತ್ತೊಂದು ವರ್ಷ ಅನ್ನ ಹಾಕಿದವನನ್ನು ನಂಬದೆ, ಎದುರು ಮನೆಯ ಏಜೆಂಟನ ಮಾತು ನಂಬಿ, ಅಣ್ಣನ ಬೆರಳು ಹಿಡಿದು ಎಳೆದಳಲ್ಲ. ಥೂ, ನನ್ನ ಜನ್ಮಕ್ಕೆ ಬೆಂಕಿ ಹಾಕ ಎಂದುಕೊಂಡಳು. ನಾಚಿಕೆಯ ಹಿಂದೆಯೇ ಹೆದರಿಕೆ ಹಾರಿ ಬಂತು: ಸಾಬರು ಹೇಳಿದ್ದು ನಿಜವಾದರೆ ಆ ಬಿಳಿ ಹಾಳೆಗೆ ಈಗ ಒಂದೇ ಒಂದು ಅಡ್ಡಿ. ಈ ನೀಲಿ ಬೆರಳು. ಇದನ್ನು ಯಾರಾದರೂ ನೋಡಿದರೆ, ಸತ್ತವನ ಬೆರಳು ಒತ್ತಿಸಿಕೊಂಡವಳು ಆ ಹಾಳೆಯನ್ನು ಮಾತ್ರ ಸಾಚಾ ಇಟ್ಟಿದ್ದಾಳೆಯೇ ಅಂದಾರು. ಮನೆ ಹೋಗುತ್ತದೆ. ಪೊಲೀಸರೂ ಬರಬಹುದು.

ಜಯಕುಮಾರ್ ಗೇಟಿನ ಬಳಿ ನಿಂತಿದ್ದ. ಅವಳು ಅವನತ್ತ ನೋಡಿದಳು. ಅವನು ಬೈಕ್ ಹತ್ತಿ ಹೋಗಿಬಿಟ್ಟ.

"ನೀರು ಕಾದದೆ," ಎಂದು ಹಿತ್ತಲಿನಿಂದ ಯಾರೋ ಕೂಗಿದರು. "ಎತ್ರಪ್ಪ, ಮೀಸಾಣ."

* * *

ಹಿತ್ತಲಲ್ಲಿ ಎರಡು ಸೀರೆ ಅಡ್ಡ ಕಟ್ಟಿದ್ದರು. ಒಳಗೆ ಕಲ್ಲಿನ ಮೇಲೆ ಮಂಚಯ್ಯ, ಪಕ್ಕದಲ್ಲಿ ಹಂಡೆ, ಕೆಳಗೆ ಉರಿಯುವ ಒಲೆ. ಎತ್ತಿಕೊಂಡು ಬಂದ ಗಂಡಸರು ಆಚೆ ಹೋದರು. ಮಗ ನೀರು ಹಾಕಬೇಕು, ಹೇಮ ಅರಿಶಿನದ ಬಟ್ಟಲು ಹಿಡಿದಿದ್ದಳು.

"ನಾನ್ ತೊಳೀತೀನಿ ಬುಡು ಕಣಪ್ಪ, ನೀನು ಬರೀ ನೀರು ಉಯ್ಯಿ," ಎಂದು ಬೆಟ್ಟಮ್ಮ ಎಡಗೈಗೆ ಕೈ ಹಾಕಿದಳು.

"ನನ್ ಕೆಲ್ಸ ಕಣತ್ತೆ ಇದು," ಎಂದು ಚಲುವರಾಜು ಹೊದಿಕೆ ತೆಗೆದ.

ಮೊದಲ ಚೊಂಬು ಎದೆಯ ಮೇಲೆ ಹೋಯಿತು. ಎರಡನೆಯದು ಬಲಗೈಗೆ. ಮೂರನೆಯ ಚೊಂಬಿನ ನೀರು ಎಡಗೈಯಿಂದ ಇಳಿದು ಕಲ್ಲಿನ ಮೇಲೆ ತೆಳುವಾದ ನೀಲಿಯಾಗಿ ಹರಿಯಿತು. ಅವನು ಚೊಂಬು ಕೆಳಗಿಟ್ಟ. ಕೈ ಎತ್ತಿ ಹಿಡಿದು, ಬೆರಳು ಬಿಡಿಸಿ ನೋಡಿದ. ಪತ್ರ ಬರೆಯುವವನ ಮಗ. ಎಡಗೈಯ ಹೆಬ್ಬೆರಳಿನ ಮಸಿ ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಯಾರು?" ಎಂದ. ದನಿ ಬಹಳ ಸಣ್ಣದಾಗಿತ್ತು.

ಜಯಕುಮಾರನ ಹೆಸರು ಬೆಟ್ಟಮ್ಮನ ನಾಲಗೆಯ ತುದಿಯವರೆಗೂ ಬಂತು. ಅವನು ಹೇಗೂ ಓಡಿಹೋಗಿದ್ದ. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ ಅಣ್ಣನ ತೆರೆದ ಅಂಗೈ ಅವಳ ಕಣ್ಣ ಮುಂದೆಯೇ ಇತ್ತು.

"ನಾನೇ ಕಣಪ್ಪ," ಎಂದಳು. ರವಿಕೆಯೊಳಗಿಂದ ಕಾಗದ ತೆಗೆದು ಅವನ ಮುಂದೆ ಹಿಡಿದಳು. ಬೆವರಿಗೆ ಅದು ಮೆತ್ತಗಾಗಿತ್ತು. "ಬಿಳಿ ಹಾಳೆ ನಡೀಯಲ್ಲ ಅಂದ್ಕಂಡೆ. ನೀವು ಆಚೆಗಾಕ್ತೀರಿ ಅಂದ್ಕಂಡೆ. ಈ ವಯಸ್ನಲ್ಲಿ ಎಲ್ಲೋಗ್ಲಿ ಅಂತ ಎದ್ರಿಕೆ ಆಯ್ತು, ಚಲುವಾ. ಒತ್ಸ್‌ಬುಟ್ಟೆ."

"ನೋಡಿದ್ರಾ! ನೋಡಿದ್ರಾ!" ಹೇಮ ಅರಿಶಿನದ ಬಟ್ಟಲು ಕೆಳಗಿಟ್ಟು ಮೊಬೈಲ್ ತೆಗೆದಳು. "ಬೆರಳಿಡ್ಕಳಿ, ಫೋಟೊ ತಗೀತೀನಿ. ನಾಳೆ ಕೋರ್ಟಿಗೆ ಬೇಕಾಯ್ತದೆ. ಆ ವಿಲ್ಲೂ ಇಂಗೇ ಮಾಡ್ಕಂಡಿರ್ತಾರೆ."

ಚಲುವರಾಜು ಕೈ ಚಾಚಿದ. ಅವಳು ಮೊಬೈಲ್ ಕೊಟ್ಟಳು. ಬೆಟ್ಟಮ್ಮ ಹಿತ್ತಲ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಮನೆ ಹೋಯಿತು, ಹೋದರೆ ಹೋಗಲಿ. ಇವನು ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ. ಆ ಮೌನವೊಂದು ಬೇಡ.

"ಅಪ್ಪ ರುಜು ಆಕೋ ಮನ್ಸ," ಎಂದ ಚಲುವರಾಜು. "ಅವ್ರ ಕೈಲಿ ಹೆಬ್ಬೆಟ್ಟು ಒತ್ಸ್‌ಬುಟ್ಯಲ್ಲ ಅತ್ತೆ. ನನ್ನೊಂದ್ ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅದನ್ನು ಅವಳು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಬಚ್ಚಲಲ್ಲಿ ಬೆನ್ನುಜ್ಜಿ ಬೆಳೆಸಿದ ಮಗನನ್ನು ಒಂದು ಮಾತು ಕೇಳಬಹುದಿತ್ತು.

ಮೊಬೈಲನ್ನು ಅವನು ಹಂಡೆಯ ಕಟ್ಟೆಯ ಮೇಲೆ ಕವುಚಿ ಹಾಕಿದ. ಅತ್ತೆಯ ಕೈಯಿಂದ ಛಾಪಾ ಕಾಗದ ತೆಗೆದುಕೊಂಡು, ಬಿಚ್ಚಿಯೂ ನೋಡದೆ ಒಲೆಯ ಬಾಯಿಗೆ ತುರುಕಿದ. "ರೀ!" ಎಂದಳು ಹೇಮ. ಅವನು ತಿರುಗಲಿಲ್ಲ. ಸೀಗೆಪುಡಿ ತೆಗೆದುಕೊಂಡು ಅಪ್ಪನ ಬೆರಳನ್ನು ಉಜ್ಜತೊಡಗಿದ. ಗೆಣ್ಣಿನ ಗೆರೆಗಳನ್ನು ಉಜ್ಜಿದ, ಉಗುರಿನ ಸಂದಿಯನ್ನು ಉಜ್ಜಿದ. ನೀಲಿ ತೆಳುವಾಯಿತು, ಹೋಗಲಿಲ್ಲ.

"ನೀರುಯ್ಯಿ ಅತ್ತೆ," ಎಂದ.

ಬೆಟ್ಟಮ್ಮ ಚೊಂಬು ತೆಗೆದುಕೊಂಡಳು. ಅರ್ಧ ನೀರು ಅವನ ಕಾಲ ಮೇಲೆ ಚೆಲ್ಲಿತು. ಇನ್ನೊಂದು ಚೊಂಬು. ಮತ್ತೊಂದು.

"ಆಯ್ತೇನ್ರಪ್ಪ? ಹೊತ್ತಾಯ್ತದೆ, ನೆಂಟ್ರೆಲ್ಲ ಕಾಯ್ತಾವ್ರೆ," ಎಂದು ಸೀರೆಯ ಆಚೆಯಿಂದ ಚಿಕ್ಕಮಾದಯ್ಯ ಕೂಗಿದ. "ಹೆಬ್ಬೆರಳು ಕಟ್ಟಿ ಕೊಡ್ರಿ, ಎತ್ತಾಣ."

"ಬಂದೆ ತಡಿ ದೊಡ್ಡಪ್ಪ."

ಚಲುವರಾಜು ಹೊಸ ಪಂಚೆಯ ಅಂಚಿನಿಂದ ಉದ್ದನೆಯ ಪಟ್ಟಿ ಹರಿದ. ಅಪ್ಪನ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ, ಹೆಬ್ಬೆರಳು ಎರಡನ್ನೂ ಸೇರಿಸಿ ಸುತ್ತತೊಡಗಿದ. ಎಲ್ಲ ಹೆಣಕ್ಕೂ ಎರಡು ಸುತ್ತು ಸುತ್ತಿ ಗಂಟು ಹಾಕಿಬಿಡುತ್ತಾರೆ. ಅವನು ಮೂರು ಸುತ್ತಿದ, ನಾಲ್ಕು ಸುತ್ತಿದ. ಬಟ್ಟೆ ಸಾಲದೆ ಇನ್ನೊಂದು ಪಟ್ಟಿ ಹರಿದ. ಬೆಟ್ಟಮ್ಮ ಅದರ ತುದಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದಳು. ಅವನು ಉಗುರಿನ ತುದಿಯೂ ಕಾಣದ ಹಾಗೆ ಬಿಳಿಯ ಬಟ್ಟೆಯನ್ನು ಮತ್ತೆ ಮತ್ತೆ ಸುತ್ತಿದ.